ಹಣ್ಣಿಗಷ್ಟೇ ಅಲ್ಲ, ಚಿಗುರಿಗೂ

ಮಂಗಗಳಿಗೆ ಕೆಂಪು-ಹಸಿರು ಬೇರೆಬೇರೆಯಾಗಿ ಕಾಣುವುದು ಹಣ್ಣು ಹುಡುಕುವುದಕ್ಕೆ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಚಿಗುರಿನ ಮಾತೂ ಬರಬೇಕಿತ್ತು. ನಮ್ಮ ಬದಿಯಡ್ಕ ಕಡೆ ಮಾವು, ಗೇರಿನ ಎಳೆ ಎಲೆ ಕೆಂಪಗೇ ಇರುತ್ತದೆ, ಅಲ್ವಾ? ಮೆತ್ತಗಿನ ಎಲೆ ಆರಿಸಲೂ ಈ ಕಣ್ಣು ಬೇಕಾಯಿತು ಎನ್ನುವ ವಿಜ್ಞಾನಿಗಳಿದ್ದಾರೆ. ನನಗೂ ಅದು ಸರಿ ಅನಿಸುತ್ತದೆ.

ಸುಮಾರು 3-4 ಕೋಟಿ ವರ್ಷಗಳ ಹಿಂದೆ ಎಕ್ಸ್ ಕ್ರೋಮೋಸೋಮಿನಲ್ಲಿ (ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರುವ ವರ್ಣತಂತು) ಬಣ್ಣ ಕಾಣಲು ಬೇಕಾದ ಒಂದು ಜೀನ್ ಎರಡಾಯಿತು. ಹಾಗಾಗಿ ನಮಗೂ ನಮ್ಮ ತೋಟಕ್ಕೆ ಬರುವ ಮಂಗಕ್ಕೂ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ದಕ್ಷಿಣ ಅಮೆರಿಕದ ಹೆಚ್ಚಿನ ಮಂಗಗಳಲ್ಲಿ ಗಂಡಿಗೆ ಎರಡೇ ಬಗೆ, ಮೂರು ಇರುವುದು ಕೆಲವು ಹೆಣ್ಣುಗಳಿಗೆ ಮಾತ್ರ. ಆದರೆ ಅಲ್ಲಿನ ಹೌಲರ್ ಮಂಗದಲ್ಲಿ ಆ ಜೀನ್ ಪ್ರತ್ಯೇಕವಾಗಿ ಇನ್ನೊಮ್ಮೆ ಎರಡಾಗಿದೆ. ಅದು ಜಾಸ್ತಿ ತಿನ್ನುವುದು ಎಲೆಯನ್ನೇ!