ಪೂರ್ತಿ ಹೇಳಿದರೆ ಬಾಯಿ ಸವೆಯುತ್ತಾ?

"ಪಿಎಫ್‌ಎ ಆರ್‌ಸಿಎ. ಎಸ್‌ಎಲ್‌ಎ ಮಿಸ್ ಆಗಿದೆ, ಎಸ್‌ಪಿಒಸಿ ಜೊತೆ ಸಿಂಕ್ ಆಗಿ ಇಒಡಿ ಒಳಗೆ ಇಟಿಎ ಕೊಡಿ." ಇದು ಆಫೀಸಿನ ಇಮೇಲಾ, ಇಲ್ಲ ಕಣ್ಣಿನ ಡಾಕ್ಟರ್ ಗೋಡೆಗೆ ನೇತುಹಾಕುವ ಅಕ್ಷರದ ಬೋರ್ಡಾ? ಕೆಲಸ ತಡವಾಯಿತು, ಯಾಕೆ ಅಂತ ಬರೆದು ಕಳಿಸಿದ್ದೀನಿ, ಸಂಬಂಧಪಟ್ಟವರನ್ನು ಕೇಳಿ ಯಾವಾಗ ಮುಗಿಯುತ್ತೆ ಹೇಳಿ. ಇಷ್ಟೇ ವಿಷಯ. ಈ ಮೊಟಕು ಅಕ್ಷರಗಳನ್ನು ಬಿಟ್ಟು ಹೀಗೆ ಬರೆದರೆ ಸಂಬಳ ಕಟ್ ಆಗುತ್ತಾ?

ಈ ಇಒಡಿ ಕಂಡರಂತೂ ಮೈ ಉರಿಯುತ್ತೆ. ದಿನದ ಕೊನೆ ಅಂತೆ. ಯಾರ ದಿನದ ಕೊನೆ ಸ್ವಾಮಿ? ನ್ಯೂಯಾರ್ಕಿನ ಕ್ಲೈಂಟಿಗೆ ಸಂಜೆ 5 ಗಂಟೆ ಆದಾಗ ಬೆಂಗಳೂರಿನಲ್ಲಿ ರಾತ್ರಿ 2.30, ಅವರು ಚಳಿಗಾಲಕ್ಕೆ ಗಡಿಯಾರ ಹಿಂದೆ ಹಾಕಿದ ಮೇಲೆ 3.30. "ರಾತ್ರಿ ಎರಡೂವರೆವರೆಗೆ ಎದ್ದಿರಿ" ಅಂತ ಬಾಯಿಬಿಟ್ಟು ಹೇಳೋಕೆ ಮ್ಯಾನೇಜರಿಗೆ ಮುಜುಗರ, ಮೂರಕ್ಷರ ಹಾಕಿಬಿಟ್ಟರೆ ಆ ಮುಜುಗರವೂ ಇಲ್ಲ. "ಬ್ಯಾಂಡ್‌ವಿಡ್ತ್ ಇದೆಯಾ?", ಅಂದರೆ ಇನ್ನೊಂದು ಕೆಲಸಕ್ಕೆ ಪುರುಸೊತ್ತಿದೆಯಾ, ಅನ್ನೋದೂ ಅದೇ ಜಾತಿ. ಇದೆ ಅಂದರೆ ಕೆಲಸ ಬೀಳುತ್ತೆ, ಇಲ್ಲ ಅಂದರೂ ಬೀಳುತ್ತೆ. ಪಿಐಪಿ ಬಗ್ಗೆ ಕೇಳಲೇಬೇಡಿ. ಹೆಸರಿಗೆ ನಮ್ಮ ಕೆಲಸ ಸುಧಾರಿಸುವ ಪ್ಲಾನು, ಅದು ಕೈಗೆ ಬಂದವರು ಮೊದಲು ಮಾಡುವ ಕೆಲಸ ಮಾತ್ರ ರೆಸ್ಯೂಮೆ ಸರಿಮಾಡೋದು.

ಸಾಲದ್ದಕ್ಕೆ ಒಂದೊಂದಕ್ಕೆ ಎರಡೆರಡು ಅರ್ಥ. ನಮ್ಮ ಟೀಮಿಗೆ ಪಿಒಸಿ ಅಂದರೆ ಪ್ರೂಫ್ ಆಫ್ ಕಾನ್ಸೆಪ್ಟ್, ಐಡಿಯಾ ನಡೆಯುತ್ತೆ ಅಂತ ತೋರಿಸುವ ಮಾದರಿ; ಪಕ್ಕದ ಟೀಮಿಗೆ ಪಾಯಿಂಟ್ ಆಫ್ ಕಾಂಟ್ಯಾಕ್ಟ್, ಅಂದರೆ ಸಂಪರ್ಕಿಸಬೇಕಾದ ವ್ಯಕ್ತಿ. "ಪಿಒಸಿ ಯಾವಾಗ ರೆಡಿ ಆಗುತ್ತೆ?" ಅಂತ ಕಾಲ್‌ನಲ್ಲಿ ಕೇಳಿದರೆ "ಅವರು ಮೆಟರ್ನಿಟಿ ರಜೆಯಲ್ಲಿದ್ದಾರೆ" ಅಂದರು. ಯಾರೂ ನಗಲಿಲ್ಲ, ಮಿನಿಟ್ಸ್‌ನಲ್ಲಿ ಹಾಗೇ ಬರೆದುಕೊಂಡರು! ಈಗ ಆಫೀಸಿಗೆ ವಾಪಸ್ ಬನ್ನಿ ಅನ್ನೋದಕ್ಕೂ ಆರ್‌ಟಿಒ ಅಂತೆ. ಮನೆಯಲ್ಲಿ "ಸೋಮವಾರದಿಂದ ಆರ್‌ಟಿಒ" ಅಂದಿದ್ದಕ್ಕೆ ಅಮ್ಮ "ಯಾಕೋ, ಲೈಸೆನ್ಸ್ ಕಳ್ಕೊಂಡ್ಯಾ?" ಅಂದರು.

2010ರಲ್ಲಿ ಎಲಾನ್ ಮಸ್ಕ್ ಸ್ಪೇಸ್‌ಎಕ್ಸ್‌ನವರಿಗೆಲ್ಲ ಮೇಲ್ ಹಾಕಿ, ಮನಸ್ಸಿಗೆ ಬಂದ ಹಾಗೆ ಇಂಥ ಮೊಟಕು ಹೆಸರು ಕಟ್ಟಬೇಡಿ ಅಂತ ಗದರಿದ್ದರು. ದಡ್ಡರ ಥರ ಕಾಣಬಾರದು ಅಂತ ಜನ ಮೀಟಿಂಗಲ್ಲಿ ಅರ್ಥವಾಗದೆ ಸುಮ್ನೆ ಕೂರುತ್ತಾರೆ, ಹೊಸಬರಿಗಂತೂ ತುಂಬಾ ಕಷ್ಟ ಅನ್ನೋದು ಅವರ ಸಿಟ್ಟು. (ಅವರ ಉಳಿದ ಮಾತುಗಳ ಗೊಡವೆ ಬೇಡ, ಇದೊಂದು ಸರಿ.) ರಾಕೆಟ್ ಹಾರಿಸುವವರಿಗೇ ಬೇಡವಾದದ್ದು ಇನ್‌ವಾಯ್ಸ್ ಸಾಫ್ಟ್‌ವೇರ್ ರಿಪೇರಿ ಮಾಡುವ ನಮಗೆ ಯಾಕೆ ಬೇಕು?

ಹೊಸದಾಗಿ ಸೇರಿದ ಹುಡುಗಿ ಧೈರ್ಯ ಮಾಡಿ ಇದನ್ನೇ ಕೇಳಿದಳು. ಎಲ್ಲದರ ಅರ್ಥ ಬರೆದಿರುವ ಎಕ್ಸೆಲ್ ಶೀಟ್ ಒಂದು ಇದೆಯಂತೆ. ಅದನ್ನು ತೆರೆಯಬೇಕಾದರೆ ಐಟಿಎಸ್‌ಎಂನಲ್ಲಿ ಎಸ್‌ಆರ್ ಹಾಕಿ, ಎಲ್‌ಒಬಿ ಹೆಡ್ ಹತ್ತಿರ ಅಪ್ರೂವಲ್ ತಗೋಬೇಕಂತೆ.