ಭೂಗೋಳ ಕಲಿಯೋರು ಹಳ್ಳಿಯಲ್ಲಿ ಉಳಿದೇ ಕಲಿಯಬೇಕಾ? ಪರ-ವಿರೋಧ

ಮೈಸೂರು, ಮಂಡ್ಯ ಕಡೆ ಭೂಗೋಳ ಓದುವವರು ಒಂದಲ್ಲ ಒಂದು ದಿನ ಕ್ಷೇತ್ರ ಅಧ್ಯಯನಕ್ಕೆ ಹೊರಡಬೇಕಾಗುತ್ತದೆ. ಒಂದೇ ಊರಲ್ಲಿ ಕೆಲವು ವಾರ ಉಳಿದು, ನೆಲ, ನೀರು, ಬೆಳೆ, ಜನ ಎಲ್ಲವನ್ನೂ ನೋಡಿ ಕೇಳಿ ಬರೆದುಕೊಳ್ಳುವುದು ಹಳೆಯ ದಾರಿ. ಈಗ ಕಂಪ್ಯೂಟರ್ ಮುಂದೆ ಕೂತು ಉಪಗ್ರಹ ಚಿತ್ರ ತೆರೆದರೆ ಇಡೀ ಕಾವೇರಿ ಅಚ್ಚುಕಟ್ಟು, ಅಂದರೆ ನಾಲೆ ನೀರು ಹರಿಯುವ ಸೀಮೆ, ಕಣ್ಣೆದುರಿಗೆ ಬರುತ್ತದೆ. ಸಮಯ, ದುಡ್ಡು ಎರಡೂ ಕಡಿಮೆ ಇರುವಾಗ ಮೊದಲ ಜಾಗ ಯಾವುದಕ್ಕೆ ಕೊಡಬೇಕು?

ಪರ: ಉಳಿಯಲೇಬೇಕು

ಮಳವಳ್ಳಿ ಕಡೆಯ ಒಂದು ಜಮೀನು ಬೇಸಿಗೆಯಲ್ಲೂ ಚಿತ್ರದಲ್ಲಿ ಹಸಿರಾಗಿ ಕಾಣುತ್ತಿದೆ ಅಂತಿಟ್ಟುಕೊಳ್ಳಿ. ಕೂತಲ್ಲೇ ನೋಡುವ ವಿದ್ಯಾರ್ಥಿ ಏನು ಬರೆಯುತ್ತಾನೆ? ನಾಲೆ ನೀರು ಇಲ್ಲಿಯವರೆಗೂ ತಲುಪಿದೆ ಅಂತ. ಅದೇ ಜಮೀನಿನ ಬದುವಿನ ಮೇಲೆ ನಿಂತು ನೋಡಿದರೆ ಕತೆ ಬೇರೆಯೇ ಇರಬಹುದು. ನಾಲೆಯಲ್ಲಿ ಹುಲ್ಲು ಬೆಳೆದಿದೆ. ಮೂಲೆಯಲ್ಲಿ ಬೋರ್‌ವೆಲ್ ಇದೆ, ಮಳೆಗೆ ನೆನೆಯದಿರಲಿ ಅಂತ ಸ್ಟಾರ್ಟರ್ ಡಬ್ಬಕ್ಕೆ ಗೊಬ್ಬರದ ಚೀಲ ಹೊದಿಸಿದ್ದಾರೆ, ತ್ರೀ ಫೇಸ್ ಕರೆಂಟ್ ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೋ ಅಂತ ಮನೆಯ ಒಬ್ಬರು ನಿದ್ದೆಗೆಟ್ಟು ಕಾಯುತ್ತಿದ್ದಾರೆ. ಅದಕ್ಕೂ ಮೊದಲು ಕೊರೆಸಿದ ಬೋರ್‌ನಲ್ಲಿ ನೀರು ಬರದೆ ಹೋಗಿ ಮೈಮೇಲೆ ಸಾಲ ಇದೆ. ಆ ಹಸಿರು ನಾಲೆಯದ್ದಲ್ಲ, ಸಾಲದ್ದು. ಪಕ್ಕದ ಹೊಲ ಬೀಳು ಬಿದ್ದಿದ್ದರೆ ಅದಕ್ಕೆ ಮಣ್ಣು ಕಾರಣ ಅಂತ ಬರೆದುಬಿಡುವುದು ಸುಲಭ. ಆದರೆ ಅಲ್ಲಿ ಅಣ್ಣತಮ್ಮಂದಿರ ಭಾಗದ ಕೇಸು ಕೋರ್ಟಿನಲ್ಲಿ ಇರಬಹುದು. ಇಂಥದ್ದು ಯಾವ ಚಿತ್ರದಲ್ಲೂ ಸಿಗುವುದಿಲ್ಲ.

ನೀರು ಹಂಚುವುದನ್ನೇ ತೆಗೆದುಕೊಳ್ಳಿ. ಅಣೆಕಟ್ಟಿನಲ್ಲಿ ನೀರು ಕಡಿಮೆ ಇದ್ದ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಅಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು. ಕಾಗದದಲ್ಲಿ ಅದು ಎಲ್ಲರಿಗೂ ಒಂದೇ. ನಾಲೆ ಏರಿ ಮೇಲೆ ಹಾಗಲ್ಲ. ಮೇಲಿನವರು ತೂಬು ಎತ್ತಿದರೆ ಕೆಳಗಿನವರಿಗೆ ನೀರಿಲ್ಲ. ನೀರು ಹಂಚುವ ನೀರುಗಂಟಿ ಯಾರ ಮಾತು ಕೇಳುತ್ತಾನೆ, ರಾತ್ರಿ ಟಾರ್ಚ್ ಹಿಡಿದು ಯಾರು ಕಾವಲು ಕೂರುತ್ತಾರೆ, ಜಗಳ ಆದರೆ ಯಾರ ಜಗಲಿಯಲ್ಲಿ ನ್ಯಾಯ ಆಗುತ್ತದೆ, ಇದೆಲ್ಲ ನೀರಿನ ಭೂಗೋಳವೇ ತಾನೇ? ನೀರು ಇಳಿಜಾರಿಗೆ ಹರಿಯುತ್ತದೆ ಅನ್ನುವುದು ಅರ್ಧ ಸತ್ಯ ಅಷ್ಟೇ. ಊರಿನಲ್ಲಿ ಬಲ ಯಾರ ಕಡೆ ಇದೆಯೋ ಆ ಕಡೆಗೂ ಅದು ಹರಿಯುತ್ತದೆ.

ಮಂಡ್ಯದ ಹಳ್ಳಿಗಳ ಮೇಲೇ ನಡೆದ ಒಂದು ದೊಡ್ಡ ಅಧ್ಯಯನ ಇದಕ್ಕೆ ಸಾಕ್ಷಿ. 1950ರ ದಶಕದ ನಡುವೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ಸಂಶೋಧಕಿ ಇಂಗ್ಲೆಂಡಿನಿಂದ ಬಂದು ಇಲ್ಲಿನ ಎರಡು ಊರುಗಳಲ್ಲಿ ಉಳಿದರು. ಊರುಗಳ ನಿಜ ಹೆಸರು ಮುಚ್ಚಿಟ್ಟು ವಂಗಲ, ದಲೇನ ಅಂತ ಕರೆದರು. ವಂಗಲಕ್ಕೆ ನಾಲೆ ನೀರು ಬಂದಿತ್ತು. ದಲೇನದ ನೆಲ ನಾಲೆಗಿಂತ ಎತ್ತರ, ಹಾಗಾಗಿ ಸುತ್ತಲೂ ನೀರಾವರಿ ಇದ್ದರೂ ಅದು ಒಣ ಊರಾಗಿಯೇ ಉಳಿಯಿತು. ಯಾರನ್ನಾದರೂ ಕೇಳಿ, ನೀರು ಬಂದ ಊರೇ ಜಾಸ್ತಿ ಬದಲಾಗಿರಬೇಕು ಅಂತಾರೆ. ಎಪ್‌ಸ್ಟೀನ್ ಕಂಡದ್ದು ಉಲ್ಟಾ. ವಂಗಲದಲ್ಲಿ ಕಬ್ಬಿನ ದುಡ್ಡು ಬಂತು, ಆದರೆ ಜನ ಬೇಸಾಯದಲ್ಲೇ ನಿಂತರು, ಒಕ್ಕಲು ಮನೆಗೂ ದಲಿತ ಕೂಲಿ ಮನೆಗೂ ತಲೆಮಾರಿನಿಂದ ಇದ್ದ ಕಟ್ಟುಪಾಡು ಹಾಗೇ ಮುಂದುವರಿಯಿತು. ದಲೇನದವರಿಗೆ ನೆಲದಲ್ಲಿ ದಾರಿ ಇರಲಿಲ್ಲ. ಅವರು ಮಂಡ್ಯ ಪೇಟೆಯ ಕೆಲಸಕ್ಕೆ ಹೋದರು, ಗಾಡಿ ಕಟ್ಟಿದರು, ವ್ಯಾಪಾರ ಮಾಡಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಹಳೆಯ ಕಟ್ಟುಪಾಡು ಸಡಿಲವಾಗಿದ್ದು ಅಲ್ಲಿ. ಈಗ ಹೇಳಿ, ಆ ಎರಡು ಊರನ್ನು ಆಕಾಶದಿಂದ ನೋಡಿದ್ದರೆ ಏನು ಕಾಣುತ್ತಿತ್ತು? ಒಂದು ಹಸಿರು, ಇನ್ನೊಂದು ಕಂದು. ಬದಲಾವಣೆ ಎಲ್ಲ ಕಂದು ಚೌಕದೊಳಗೆ ನಡೆದಿತ್ತು. ಎಪ್‌ಸ್ಟೀನ್ ಮತ್ತೆ 1970ರಲ್ಲಿ ಬಂದು ಅದೇ ಊರುಗಳನ್ನು ನೋಡಿದರು. ಭೂಗೋಳದವರೂ ಕಲಿಯಬೇಕಾದ ಶ್ರದ್ಧೆ ಅದು.

ಇನ್ನು ಪಹಣಿ. ಅದರಲ್ಲಿ ಹೆಸರು ಒಬ್ಬರದ್ದು, ಉಳುವವರು ಇನ್ನೊಬ್ಬರು. ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಮಾಡುವವರು, ಗುತ್ತಿಗೆಗೆ ಹಿಡಿದವರು ದಾಖಲೆಯಲ್ಲಿ ಇಲ್ಲವೇ ಇಲ್ಲ. ನಾಟಿ ಮಾಡುವವರು, ಕಳೆ ಕೀಳುವವರು ಹೆಂಗಸರು, ಅವರ ಹೆಸರು ಇನ್ನೂ ದೂರ. ಬೆಳೆ ಹಾಳಾದಾಗ ಪರಿಹಾರ ಯಾರ ಖಾತೆಗೆ ಹೋಗುತ್ತದೆ ಅನ್ನುವುದು ಇದರ ಮೇಲೆಯೇ ನಿಂತಿದೆ. ನೆಲದ ಬಗ್ಗೆ ಓದಿ ಈ ಜನರ ಮುಖವನ್ನೇ ನೋಡದೆ ಪದವಿ ತೆಗೆದುಕೊಂಡರೆ ಆ ಓದು ಯಾರಿಗಾಗಿ?

1800ರಲ್ಲಿ ಫ್ರಾನ್ಸಿಸ್ ಬುಕನನ್ ಅನ್ನುವ ಬ್ರಿಟಿಷ್ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬಿತ್ತನೆ, ಮಣ್ಣು, ಕೆರೆ, ಕೂಲಿ ಎಲ್ಲ ಬರೆದುಕೊಂಡರು. ಇವತ್ತಿಗೂ ಆ ಬರಹ ಉಪಯೋಗಕ್ಕೆ ಬರುತ್ತದೆ. ಯಾಕೆ? ಹೊಲದ ಹತ್ತಿರ ನಿಂತು ರೈತರನ್ನೇ ಕೇಳಿದ್ದಕ್ಕೆ.

ವಿರೋಧ: ಮೊದಲು ನಕ್ಷೆ, ಆಮೇಲೆ ಊರು

ಬುಕನನ್ ಹೆಸರು ಬಂದದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರು ಮಾಡುತ್ತೇನೆ. ಟಿಪ್ಪು ಸತ್ತಿದ್ದು 1799ರಲ್ಲಿ. ಮರುವರ್ಷವೇ ಬುಕನನ್ ಬಂದರು, ಕಳಿಸಿದವರು ಗವರ್ನರ್ ಜನರಲ್ ವೆಲ್ಲೆಸ್ಲಿ. ಆಗಷ್ಟೇ ಯುದ್ಧ ಗೆದ್ದ ಈಸ್ಟ್ ಇಂಡಿಯಾ ಕಂಪನಿಯ ಮನುಷ್ಯ ಬಂದು, ನಿನ್ನ ಹೊಲದಲ್ಲಿ ಎಷ್ಟು ಬೆಳೆಯುತ್ತೀಯ ಅಂತ ಕೇಳಿದರೆ, ಕಂದಾಯದ ಭಯ ಇರುವ ರೈತ ಇದ್ದದ್ದು ಇದ್ದ ಹಾಗೆ ಹೇಳುತ್ತಾನಾ? ಕೇಳಿದ ಮಾತ್ರಕ್ಕೆ ಸತ್ಯ ಸಿಕ್ಕಿತು ಅಂತ ನಂಬುವುದು ಕ್ಷೇತ್ರ ಅಧ್ಯಯನದ ದೊಡ್ಡ ಅಪಾಯ. ಇವತ್ತಿನ ವಿದ್ಯಾರ್ಥಿ ಕಂಪನಿಯವನಲ್ಲ, ಸರಿ. ಆದರೂ ಪೇಟೆಯಿಂದ ಫೈಲ್ ಹಿಡಿದು ಬಂದವರು ಸಮೀಕ್ಷೆಯವರೋ, ಸಬ್ಸಿಡಿ ಕೊಡುವವರೋ, ಕಿತ್ತುಕೊಳ್ಳುವವರೋ ಅಂತ ಊರಿನವರಿಗೆ ಗೊತ್ತಿರುವುದಿಲ್ಲ. ಅವರು ಅಳೆದು ತೂಗಿ ಮಾತಾಡುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ಕೆರೆ ಒತ್ತುವರಿ ವಿಷಯ ನೋಡಿ. ಕೆರೆ ಅಂಗಳದಲ್ಲಿ ಯಾರು ತೆಂಗು ಹಾಕಿಕೊಂಡಿದ್ದಾರೆ ಅಂತ ಊರಿಗೆಲ್ಲ ಗೊತ್ತು. ಅಪರಿಚಿತರ ಮುಂದೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ನಾಳೆ ಅದೇ ಊರಲ್ಲಿ ಬದುಕಬೇಕು. ಹಳೆಯ ಗ್ರಾಮ ನಕ್ಷೆಯನ್ನೂ ಈಗಿನ ಉಪಗ್ರಹ ಚಿತ್ರವನ್ನೂ ಒಂದರ ಮೇಲೊಂದು ಇಟ್ಟರೆ ಕೆರೆ ಎಷ್ಟು ಕುಗ್ಗಿದೆ ಅಂತ ಯಾರ ಹೆಸರೂ ಹೇಳದೆ ಗೊತ್ತಾಗುತ್ತದೆ. ದಿಶಾಂಕ್ ಆಪ್ ತೆಗೆದರೆ ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಸಿಗುತ್ತದೆ. ಬಡವರು ಬಾಯಿ ಬಿಟ್ಟು ಹೇಳಲಾಗದ್ದನ್ನು ನಕ್ಷೆ ಹೇಳುತ್ತದೆ. ಇದನ್ನು ಸುಮ್ನೆ ತಾಂತ್ರಿಕ ಕಸರತ್ತು ಅಂತ ತಳ್ಳಿಹಾಕಬಾರದು.

ಊರಿಗೆ ಹೋಗುವವರು ಯಾವಾಗ ಹೋಗುತ್ತಾರೆ, ಎಲ್ಲಿಗೆ ಹೋಗುತ್ತಾರೆ? ಮಳೆ ನಿಂತ ಮೇಲೆ. ಬಸ್ ಹೋಗುವ ಟಾರ್ ರೋಡಿನ ಊರಿಗೆ. ಮಾತಾಡುವುದು ಅರಳಿಕಟ್ಟೆ ಮೇಲೆ ಕೂತ ಗಂಡಸರ ಹತ್ತಿರ, ಊಟ ಅನುಕೂಲಸ್ಥರ ಮನೆಯಲ್ಲಿ. ರಾಬರ್ಟ್ ಚೇಂಬರ್ಸ್ ಅನ್ನುವ ಸಂಶೋಧಕರು 1980ರ ದಶಕದಲ್ಲೇ ಇದನ್ನೆಲ್ಲ ಬಿಡಿಸಿ ಬರೆದಿದ್ದಾರೆ: ಹೊರಗಿನವರಿಗೆ ಹಳ್ಳಿಯ ಬಡತನ ಕಾಣದಿರುವುದಕ್ಕೆ ರಸ್ತೆ, ಋತು, ಮಾತಾಡಿಸುವ ಮನುಷ್ಯರು ಎಲ್ಲವೂ ಕಾರಣ ಅಂತ. ಉಪಗ್ರಹಕ್ಕೆ ಟಾರ್ ರೋಡೂ ಒಂದೇ, ಕೊರಕಲು ದಾರಿಯೂ ಒಂದೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದೊಂದು ಚುಕ್ಕಿಯೂ ನೆಲದ ಮೇಲೆ 10 ಮೀಟರ್ ಚೌಕ, ಐದು ದಿನಕ್ಕೊಮ್ಮೆ ಅದೇ ಜಾಗ ಮತ್ತೆ ಸಿಗುತ್ತದೆ. ಭತ್ತದ ಗದ್ದೆ ನಾಟಿಗೆ ಮುಂಚೆ ನೀರು ನಿಂತು ಕಪ್ಪಾಗಿ ಕಾಣುತ್ತದೆ, ಆಮೇಲೆ ಹಸಿರೇರುತ್ತದೆ, ಕೊಯ್ಲಿನ ಹೊತ್ತಿಗೆ ಹಳದಿಗೆ ತಿರುಗುತ್ತದೆ. ಕಬ್ಬು ಹೆಚ್ಚು ಕಡಿಮೆ ವರ್ಷಪೂರ್ತಿ ಹಸಿರು. ರಾಗಿ ಬೇಗ ಬಂದು ಬೇಗ ಹೋಗುತ್ತದೆ. ಈ ಬಣ್ಣದ ಓಟವನ್ನು ಓದಲು ಬಂದರೆ ಕೆಆರ್‌ಎಸ್‌ನಿಂದ ಮಳವಳ್ಳಿವರೆಗೆ ಯಾವ ಉಪನಾಲೆಯಲ್ಲಿ ಏನು ಬೆಳೆದಿದ್ದಾರೆ ಅಂತ ಒಬ್ಬ ವಿದ್ಯಾರ್ಥಿಯೇ ನಕ್ಷೆ ಮಾಡಬಹುದು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ನಿಜ. ಅದಕ್ಕೆ ಮೋಡ ದಾಟಿ ನೋಡುವ ರೇಡಾರ್ ಉಪಗ್ರಹಗಳಿವೆ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈನಲ್ಲಿ ಹಾರಿಸಿದ ನಿಸಾರ್ ಅಂಥದ್ದೇ.

ಎಲ್ಲಕ್ಕಿಂತ ದೊಡ್ಡ ಮಾತು, ಹಿಂದಕ್ಕೆ ಹೋಗಬಹುದು. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ಮಂಡ್ಯದಲ್ಲಿ ರೈತರು ಬೀದಿಗಿಳಿದರು. 2024ರ ಜುಲೈನಲ್ಲಿ ಅಣೆಕಟ್ಟು ತುಂಬಿ 124.80 ಅಡಿ ಮುಟ್ಟಿತು. ಎರಡೂ ವರ್ಷದ ಚಿತ್ರಗಳನ್ನು ಇವತ್ತು ಪಕ್ಕಪಕ್ಕ ಇಟ್ಟು ಯಾವ ಊರಿನ ಎಷ್ಟು ಗದ್ದೆ ಬೀಳು ಬಿತ್ತು ಅಂತ ನೋಡಬಹುದು. ಈಗ ಊರಿಗೆ ಹೋಗಿ ಕೇಳಿದರೆ ಕಷ್ಟ ಹೇಳಿಕೊಳ್ಳುತ್ತಾರೆ, ಆ ಕಷ್ಟ ನಿಜವೇ, ಆದರೆ ಮೇಲಿನ ಊರಿಗಿಂತ ಇಲ್ಲಿ ಎಷ್ಟು ಜಾಸ್ತಿ ಅಂತ ಅವರ ನೆನಪಿನಿಂದ ತೆಗೆಯಲು ಆಗುವುದಿಲ್ಲ. 1972ರಿಂದಲೇ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿವೆ, 2008ರಿಂದ ಅವೆಲ್ಲ ಉಚಿತ. ದೊಡ್ಡ ಅನುದಾನ ಇಲ್ಲದ ನಮ್ಮ ಸಣ್ಣ ಕಾಲೇಜುಗಳಿಗೆ ಇದು ಎಷ್ಟು ದೊಡ್ಡ ಆಸ್ತಿ ಅಂತ ಹೇಳಬೇಕಾಗಿಲ್ಲ.

ಇನ್ನೊಬ್ಬರು ಪರೀಕ್ಷಿಸಲು ಸಾಧ್ಯವಾಗಬೇಕು ಅನ್ನುವುದೂ ಮುಖ್ಯ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಜಾಗಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನ ಮೇಲೆ ಬರೆದರು, ಅದ್ಭುತವಾಗಿ ಬರೆದರು. ಅಂಥವರು ಎಷ್ಟು ಜನ ಸಿಗುತ್ತಾರೆ? ಸಾಮಾನ್ಯ ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿರುವ ಊರು ಅವನೊಬ್ಬನ ಊರು. ಅದನ್ನು ಒಪ್ಪಬಹುದು ಅಥವಾ ಬಿಡಬಹುದು, ಪರೀಕ್ಷಿಸಲು ಆಗುವುದಿಲ್ಲ. ಉಪಗ್ರಹ ಚಿತ್ರದ ಮೇಲೆ ಮಾಡಿದ ನಕ್ಷೆ ತಪ್ಪಿದ್ದರೆ ಮಂಡ್ಯದ ಇನ್ನೊಬ್ಬ ಹುಡುಗಿ ಅದೇ ಚಿತ್ರ ತೆಗೆದು ತಪ್ಪು ತೋರಿಸಬಹುದು.

ಎಪ್‌ಸ್ಟೀನ್ ಕಂಡದ್ದನ್ನು ಉಪಗ್ರಹ ಕಾಣುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅವರ ಅಧ್ಯಯನ ಗೆದ್ದಿದ್ದು ಸರಿಯಾದ ಎರಡು ಊರು ಆರಿಸಿದ್ದರಿಂದ: ಒಂದು ನೀರಿನದ್ದು, ಒಂದು ಒಣದ್ದು, ಅಕ್ಕಪಕ್ಕದ ಸೀಮೆ. ಇವತ್ತು ಅಂಥ ಜೋಡಿಯನ್ನು ಹುಡುಕಿಕೊಡುವುದು ನಕ್ಷೆಯ ಕೆಲಸ. ಬೋರ್‌ವೆಲ್ ಹಸಿರಿನ ಮಾತಿಗೂ ಇದೇ ಉತ್ತರ. ನಾಲೆ ನಿಂತ ಮೇಲೂ ಹಸಿರು ಉಳಿದ ಜಮೀನುಗಳನ್ನು ಮೊದಲು ಚಿತ್ರದಲ್ಲಿ ಗುರುತಿಸಿ, ಆಮೇಲೆ ಆ ಜಮೀನಿಗೇ ಹೋಗಿ ಕೇಳಿ. ಗೊತ್ತುಗುರಿ ಇಲ್ಲದೆ ಹೋಗಿ, ನಿಮ್ಮ ಸಮಸ್ಯೆ ಏನು ಅಂತ ಕೇಳಿಸಿಕೊಂಡು ಸಾಕಾಗಿದೆ ಜನಕ್ಕೆ. ಬರೆದುಕೊಂಡು ಹೋದವರು ತಿರುಗಿ ಬರಲಿಲ್ಲ ಅಂತ ಹಿರಿಯರು ಹೇಳುವಾಗ ಉತ್ತರ ಕೊಡಲು ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ವಾ?

ಆ ನಕ್ಷೆಯನ್ನು ಅವರ ಕೈಗೇ ಕೊಡಿ. ನೀರಾವರಿ ಸಲಹಾ ಸಮಿತಿ ಸಭೆ ನಡೆಯುವಾಗ ಕೊನೇ ಭಾಗದ ರೈತರು ನಮಗೆ ನೀರು ಬರಲಿಲ್ಲ ಅಂತ ಕೂಗುತ್ತಾರೆ, ಬಿಟ್ಟಿದ್ದೇವೆ ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಯಾವ ತೂಬಿನ ಕೆಳಗೆ ಯಾವ ವಾರ ಪೈರು ಒಣಗಲು ಶುರುವಾಯಿತು ಅಂತ ತೋರಿಸುವ ಹಾಳೆ ಅವರ ಹತ್ತಿರ ಇದ್ದರೆ, ಎದುರಿಗಿರುವ ಎಂಜಿನಿಯರ್ ಆ ತೂಬಿನ ಲೆಕ್ಕವನ್ನೇ ತೆಗೆಯಬೇಕಾಗುತ್ತದೆ.