ಹಸಿವಾಗಿದೆಯಾ? ಇರಿ, ಫೋನ್ ನೋಡಿ ಹೇಳುತ್ತೇನೆ

ನಿನ್ನೆ ತುಮಕೂರಿನಲ್ಲಿ ಮದುವೆ ಊಟ. ಎರಡನೇ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಎಲೆ ಹಾಕಿದರು, ನೀರು ಚಿಮುಕಿಸಿ ಒರೆಸಿಕೊಂಡೆವು. ಉಪ್ಪು, ಉಪ್ಪಿನಕಾಯಿ, ಎರಡು ಬಗೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ, ಹಯಗ್ರೀವ ಎಲ್ಲ ಬಂತು. ನನ್ನ ಪಕ್ಕದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗ. ಬೆಂಗಳೂರಿನಲ್ಲಿ ಕೆಲಸ. ಒಳ್ಳೆ ಹುಡುಗ, ಬುದ್ಧಿವಂತ. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬಂದಿದ್ದು.

"ಅತ್ತೆ, ಒಂದ್ನಿಮಿಷ ಕೈ ಆ ಕಡೆ ಇಟ್ಕೊಳಿ, ನೆರಳು ಬೀಳ್ತಿದೆ" ಅಂದ. ಸ್ಟೇಟಸ್‌ಗೆ ಹಾಕಲು ಫೋಟೋ ಇರಬೇಕು ಅಂದುಕೊಂಡೆ. ಅಲ್ಲವಂತೆ. ಅದೇನೋ ಆ್ಯಪ್. ಎಲೆಯ ಫೋಟೋ ತೆಗೆದರೆ ಎಷ್ಟು ಕ್ಯಾಲರಿ, ಎಷ್ಟು ಪ್ರೋಟೀನ್ ಅಂತ ಲೆಕ್ಕ ಹೇಳುತ್ತದೆ. ಸಾರಿನ ಬಕೆಟ್ ಹಿಡಿದವನು ಬಂದು ನಿಂತ. "ಬಡಿಸ್ಲಾ ಸಾರ್?" ಅಂದ. ಇವನು ತಲೆ ಎತ್ತದೆ ಒಂದು ಬೆರಳೆತ್ತಿದ. ಬಿಸಿ ಬಕೆಟ್ ಹಿಡಿದ ಆ ಪುಣ್ಯಾತ್ಮ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕಾದ. ಎದುರು ಸಾಲಿನಲ್ಲಿದ್ದ ಅಜ್ಜ ಒಬ್ಬರು "ಏನಪ್ಪಾ, ಎಲೆಗೆ ದೃಷ್ಟಿ ತೆಗೀತಿದೀಯಾ?" ಅಂದರು. ಪಂಕ್ತಿಯೆಲ್ಲ ನಕ್ಕಿತು.

ಆ್ಯಪ್ ಹೇಳಿದ್ದು ಕೇಳಿ. ಹಯಗ್ರೀವ ಅದಕ್ಕೆ 'ಮೂಂಗ್ ದಾಲ್ ಹಲ್ವಾ'. ಸೌತೆಕಾಯಿ ಕೋಸಂಬರಿ 'ಸ್ಪ್ರೌಟ್ಸ್ ಸಲಾಡ್'. ಎಲೆಯ ತುದಿಯಲ್ಲಿದ್ದ ಉಪ್ಪನ್ನು ಸಕ್ಕರೆ ಅಂದುಕೊಂಡು ಅದಕ್ಕೂ ಕ್ಯಾಲರಿ ಸೇರಿಸಿತ್ತು! ಅದನ್ನು ನಂಬಿಕೊಂಡು ಈ ಹುಡುಗ ಹಯಗ್ರೀವ ಅರ್ಧ ಬಿಟ್ಟ. ಹೋಳಿಗೆ ಬೇಡ ಅಂದ. "ಯಾಕೋ, ಹೊಟ್ಟೆ ತುಂಬಿತಾ?" ಅಂತ ಕೇಳಿದೆ. "ಹೊಟ್ಟೆ ಏನೂ ತುಂಬಿಲ್ಲ ಅತ್ತೆ, ಇವತ್ತಿನ ಲಿಮಿಟ್ ಮುಗೀತು" ಅಂದ.

ಹೊಟ್ಟೆ ತುಂಬಿಲ್ಲ, ಲಿಮಿಟ್ ಮುಗೀತು. ರಾತ್ರಿಯೆಲ್ಲ ಇದೇ ತಲೆಯಲ್ಲಿ ತಿರುಗುತ್ತಿತ್ತು.

ನಿಮಗೆಲ್ಲ ಗೊತ್ತು, ನಾನು ಬ್ಯಾಂಕಿನ ಕೌಂಟರ್ ಹಿಂದೆ ಕೂತು ತಲೆ ಬಿಳಿ ಮಾಡಿಕೊಂಡವಳು. ಲೆಕ್ಕ ಅಂದರೆ ನನಗೆ ಹೆದರಿಕೆಯಿಲ್ಲ. ನನ್ನ ತಕರಾರು ಲೆಕ್ಕದ ಮೇಲಲ್ಲ. ಉಪ್ಪನ್ನು ಸಕ್ಕರೆ ಅನ್ನುವ ಗುಮಾಸ್ತನ ಮಾತು ಕೇಳಿಕೊಂಡು, ಮೈಯೊಳಗೇ ಇರುವ ಗುಮಾಸ್ತನನ್ನು ಮನೆಗೆ ಕಳಿಸುತ್ತಿದ್ದೀವಲ್ಲ, ಅದರ ಮೇಲೆ. ಮುಂದಿನ ಹತ್ತು ವರ್ಷದಲ್ಲಿ ಆಹಾರ, ಫಿಟ್‌ನೆಸ್ ಅಂತ ಏನೇನು ಬರುತ್ತದೆ ಅಂತ ಯೂಟ್ಯೂಬಿನಲ್ಲಿ ದಿನಾ ಒಬ್ಬರು ಭವಿಷ್ಯ ಹೇಳುತ್ತಾರೆ. ನಾನೂ ಒಂದು ಹೇಳುತ್ತೇನೆ. ಏನೇ ಬರಲಿ, ಹಸಿವಾಗಿದೆಯಾ, ಸಾಕಾ, ಸುಸ್ತಾಗಿದೆಯಾ ಅಂತ ನಮಗೇ ಗೊತ್ತಾಗುತ್ತಿದ್ದ ಸಂಗತಿಗಳನ್ನು ಇನ್ನೊಬ್ಬರು ನಮಗೆ ದುಡ್ಡಿಗೆ ಹೇಳುತ್ತಾರೆ. ಇಷ್ಟೇ ಟ್ರೆಂಡು. ಮಿಕ್ಕಿದ್ದೆಲ್ಲ ಪ್ಯಾಕಿಂಗ್.

ಉದಾಹರಣೆಗೆ ಹತ್ತು ಸಾವಿರ ಹೆಜ್ಜೆ. ಎಲ್ಲರ ಕೈಗಡಿಯಾರಕ್ಕೂ ಅದೇ ಗುರಿ. ಯಾವ ಡಾಕ್ಟರ್ ಕಂಡುಹಿಡಿದದ್ದು ಅಂದುಕೊಂಡಿದ್ದೀರಿ? ಜಪಾನಿನಲ್ಲಿ 1965ರಲ್ಲಿ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು, ಅದಕ್ಕೆ 'ಮಾನ್ಪೊ-ಕೇ' ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ. ಅಷ್ಟೇ, ಮಾರಾಟಕ್ಕೆ ಇಟ್ಟ ಹೆಸರು. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಸುಮಾರು 7,500 ಹೆಜ್ಜೆಯ ನಂತರ ಆಯಸ್ಸಿನ ಮಟ್ಟಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಆದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಯ ಹಾಲ್‌ನಲ್ಲೇ ಸುತ್ತು ಹಾಕುವ ಶಬ್ದ ಮೇಲಿನ ಮನೆಯಿಂದ ಬರುತ್ತದೆ. ನಿದ್ದೆ ಬಂದಿದೆ, ಕಾಲು ನೋಯುತ್ತಿದೆ, ಆದರೆ ಇನ್ನೂ ಎಂಟುನೂರು ಬಾಕಿ. ಪಾಪ.

ಮುಂದೆ ಇದು ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಈಗಲೇ ಕೆಲವು ಆರೋಗ್ಯ ವಿಮಾ ಕಂಪನಿಗಳು ನಡೆದದ್ದಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತವೆ. ಇವತ್ತು ನಡೆದವರಿಗೆ ರಿಯಾಯಿತಿ, ನಾಳೆ ನಡೆಯದವರಿಗೆ ದಂಡ. ಆಗ ನೋಡಿ, ವಾಚನ್ನು ಮೊಮ್ಮಗನ ಕಾಲಿಗೋ ನಾಯಿಯ ಕೊರಳಿಗೋ ಕಟ್ಟುವವರು ಎಷ್ಟು ಜನ ಹುಟ್ಟುತ್ತಾರೆ ಅಂತ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರು ಬೆಳಗಾಗುವ ಮೊದಲೇ ನಡೆದು ಮುಗಿಸಿರುವ ಹೆಜ್ಜೆಗೆ ಮಾತ್ರ ಯಾವ ರಿಯಾಯಿತಿಯೂ ಸಿಗಲ್ಲ. ಅವರ ಹತ್ತಿರ ಆ ವಾಚಿಲ್ಲವಲ್ಲ.

ಇನ್ನು ಪ್ರೋಟೀನ್. ಅಬ್ಬಾ! ಅಂಗಡಿಗೆ ಹೋದರೆ ಮಜ್ಜಿಗೆಯಲ್ಲಿ ಪ್ರೋಟೀನ್, ಬ್ರೆಡ್ಡಿನಲ್ಲಿ ಪ್ರೋಟೀನ್, ಕುಲ್ಫಿಯಲ್ಲೂ ಪ್ರೋಟೀನ್. ಒಂದು ಕಾಲದಲ್ಲಿ ಅಡುಗೆ ಎಣ್ಣೆಯ ಡಬ್ಬಿಯ ಮೇಲೆಲ್ಲ 'ಕೊಲೆಸ್ಟ್ರಾಲ್ ಇಲ್ಲ' ಅಂತ ದೊಡ್ಡದಾಗಿ ಬರೆದಿರುತ್ತಿತ್ತು, ನೆನಪಿದೆಯಾ? ಗಿಡದಿಂದ ಬಂದ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಯಾವತ್ತೂ ಇರಲಿಲ್ಲ. ಇಲ್ಲದ್ದನ್ನು ಇಲ್ಲ ಅಂತ ಹೇಳಿಯೇ ದುಡ್ಡು ಮಾಡಿದರು. ಈಗ ಮೊದಲಿನಿಂದ ಇದ್ದದ್ದನ್ನು ಇದೆ ಅಂತ ಹೇಳಿ ದುಡ್ಡು ಮಾಡುತ್ತಿದ್ದಾರೆ. ಇನ್ನು ಐದು ವರ್ಷದಲ್ಲಿ ಕೇಟರಿಂಗ್‌ನವರು 'ಹೈ ಪ್ರೋಟೀನ್ ಹೋಳಿಗೆ' ಅಂತ ಮೆನುವಿನಲ್ಲಿ ಹಾಕದಿದ್ದರೆ ಕೇಳಿ. ಒಳಗಿನ ಹೂರಣ ಯಾವುದರದ್ದಪ್ಪಾ? ಬೇಳೆಯದ್ದೇ ಅಲ್ವಾ?

ಈಗ ಕಾಮೆಂಟಿಗೆ ಬರುವವರ ಮಾತು ನನಗೆ ಗೊತ್ತು. "ಮೇಡಂ, ನಮ್ಮವರ ಊಟದಲ್ಲಿ ಪ್ರೋಟೀನ್ ಕಡಿಮೆ ಅನ್ನೋದು ನಿಜ ಅಲ್ವಾ?" ನಿಜ ಕಣ್ರಪ್ಪಾ. ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರು ದೇಶದ ತುಂಬಾ ಸಮೀಕ್ಷೆ ಮಾಡಿ 2025ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನಮ್ಮ ಊಟದ ಶಕ್ತಿಯಲ್ಲಿ ಶೇ 62ರಷ್ಟು ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥವುಗಳಲ್ಲಿರುವ ಕಾರ್ಬೊಹೈಡ್ರೇಟಿನಿಂದ. ಅದರಲ್ಲಿ ಸ್ವಲ್ಪ ಕಡಿಮೆ ಮಾಡಿ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಸೇರಿಸಿದರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುವಂತೆ ಕಂಡಿದೆ. ಒಪ್ಪಿದೆ. ನಮ್ಮ ಮನೆಯ ತಿಳಿಸಾರಿನಲ್ಲಿ ಬೇಳೆ ಹುಡುಕಬೇಕಾದರೆ ಟಾರ್ಚ್ ಬೇಕು, ಅದೂ ಒಪ್ಪಿದೆ. ಆದರೆ ಅವರು ಹೇಳಿದ್ದು ಬೇಳೆ, ಕಾಳು, ಮೊಸರು. ನೂರಿಪ್ಪತ್ತು ರೂಪಾಯಿಯ ಪ್ರೋಟೀನ್ ಬಾರ್ ಅಲ್ಲ. ಅರವತ್ತು ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು ಅಂತ ಐಸಿಎಂಆರ್‌ನವರದೇ ಲೆಕ್ಕ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ನೂರು ಗ್ರಾಂ ಹುರುಳಿಕಾಳಿನಲ್ಲಿ ಇಪ್ಪತ್ತರ ಮೇಲೆ. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲೇ ಬರೆದಿದೆ. ಅದನ್ನು ಯಾರೂ ರೀಲ್ ಮಾಡಲ್ಲ. ಹುರುಳಿ ಬಸ್ಸಾರಿಗೆ ಸ್ಪಾನ್ಸರ್ ಯಾರು ಸಿಗುತ್ತಾರೆ?

ಐಸಿಎಂಆರ್‌ನ ಆ ಸಮೀಕ್ಷೆಯಲ್ಲೇ ಇನ್ನೊಂದು ಮಾತಿದೆ, ಅದು ನಮ್ಮವರಿಗೆ ಕಹಿ. ಮೈದಾ, ಬಿಳಿ ಅಕ್ಕಿ ಬಿಟ್ಟು ಅಷ್ಟೇ ಪ್ರಮಾಣದಲ್ಲಿ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಿಂದರೆ ಸಕ್ಕರೆ ಕಾಯಿಲೆಯ ಅಪಾಯವೇನೂ ಕಡಿಮೆಯಾಗಲಿಲ್ಲ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಹಬ್ಬ ಮಾಡಿದೆವಲ್ಲ. ಆಗ ರಾಗಿ ಅಮೃತ. ಈಗ ತೋಳಿಗೆ ಸಕ್ಕರೆ ಅಳೆಯುವ ಬಿಲ್ಲೆ ಅಂಟಿಸಿಕೊಂಡವರು ಬಂದಿದ್ದಾರೆ. "ಮುದ್ದೆ ತಿಂದೆ, ಗ್ರಾಫ್ ಹೀಗೆ ಮೇಲೆ ಹೋಯ್ತು" ಅಂತ ಹುಬ್ಬು ಹಾರಿಸುತ್ತಾರೆ. ರಾಗಿ ವಿಷ! ಅಯ್ಯಾ, ಊಟ ಮಾಡಿದ ಮೇಲೆ ಸಕ್ಕರೆ ಸ್ವಲ್ಪ ಏರುವುದು ಆರೋಗ್ಯವಂತರಿಗೂ ಸಹಜ. ಏರದಿದ್ದರೆ ಊಟ ಎಲ್ಲಿಗೆ ಹೋಯಿತು? ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಜೊತೆಗೆ ಗಟ್ಟಿ ಸಾರು, ಒಂದಿಷ್ಟು ಸೊಪ್ಪು ಅಂತ ಹೇಳಿದರೆ ಯಾರೂ ಕೇಳಲ್ಲ. ಒಂದೋ ಅಮೃತ, ಇಲ್ಲ ವಿಷ. ನಡುವೆ ಇರುವುದನ್ನು ಮಾರಲು ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಬಲಗಾಲಿನ ಎರಡು ಬೆರಳು ತೆಗೆಸಬೇಕಾಯಿತು. ಕೊನೆಯವರೆಗೂ ಮನೆಯೊಳಗೂ ಸಾಕ್ಸ್ ಹಾಕಿಕೊಂಡೇ ಇರುತ್ತಿದ್ದರು, ನಮಗೆ ಕಾಣಬಾರದು ಅಂತ. ನನ್ನದೂ ಈಗ ಗಡಿಯಲ್ಲಿದೆ. 2023ರಲ್ಲಿ ಬಂದ ಐಸಿಎಂಆರ್ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆ, ಇನ್ನೂ 13.6 ಕೋಟಿ ಜನ ಗಡಿಯಲ್ಲಿ. ಆ 13.6 ಕೋಟಿಯಲ್ಲಿ ನಾನೊಬ್ಬಳು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ ಬಿಲ್ಲೆ ದೇವರಿದ್ದ ಹಾಗೆ. ಮಲಗಿದ್ದಾಗ ಸಕ್ಕರೆ ಇಳಿದರೆ ಕೂಗಿ ಎಬ್ಬಿಸುತ್ತದೆ. ನಮ್ಮಪ್ಪನ ಕಾಲಕ್ಕೆ ಬಂದಿದ್ದರೆ ಸಾಲ ಮಾಡಿಯಾದರೂ ತರುತ್ತಿದ್ದೆ. ಆದರೆ ನಾನು ನೋಡುತ್ತಿರುವವರು ಇಪ್ಪತ್ತೆಂಟು ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ, ಬಾಳೆಹಣ್ಣು ಕಂಡರೆ ಬೆದರುವ ಮಕ್ಕಳು. ನಿಜವಾಗಿ ಬೇಕಾದವರಿಗೆ ಅದರ ಬೆಲೆ ಎಟುಕಲ್ಲ. ಎಟುಕುವವರಿಗೆ ಅದು ಒಡವೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬರುವುದು ತೂಕ ಇಳಿಸುವ ಇಂಜೆಕ್ಷನ್‌ನಿಂದ. ಮೌಂಜಾರೊ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು, ಜೂನ್‌ನಲ್ಲಿ ವೆಗೋವಿ. ವೆಗೋವಿಯಲ್ಲಿರುವುದು ಸೆಮಾಗ್ಲುಟೈಡ್ ಅನ್ನುವ ಔಷಧ. ಅದರ ಪೇಟೆಂಟ್ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ನಮ್ಮ ಕಂಪನಿಗಳೇ ತಯಾರಿಸಬಹುದು, ಬೆಲೆ ಇಳಿಯದೆ ಇರುವುದಿಲ್ಲ. ಊಟವಾದ ಮೇಲೆ ಕರುಳು ಒಂದು ಹಾರ್ಮೋನ್ ಬಿಟ್ಟು 'ಸಾಕು' ಅಂತ ಮಿದುಳಿಗೆ ಹೇಳಿ ಕಳಿಸುತ್ತದಲ್ಲ, ಆ ಹಾರ್ಮೋನನ್ನೇ ಹೋಲುವ ಔಷಧ ಇದು. ವಾರಕ್ಕೊಂದು ಚುಚ್ಚಿಕೊಂಡರೆ ವಾರವಿಡೀ 'ಸಾಕು, ಸಾಕು'. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ಸಣ್ಣ ಸಂಗತಿಯಲ್ಲ. ಇಂಜೆಕ್ಷನ್ ನಿಲ್ಲಿಸಿದ ಒಂದು ವರ್ಷಕ್ಕೆ, ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಅಂದರೆ ಜೀವನಪೂರ್ತಿ ಚಂದಾ.

ನಾನು ಇದನ್ನು ಬಯ್ಯುತ್ತೇನೆ ಅಂದುಕೊಂಡಿರಾ? ಇಲ್ಲ. ಬೆಲೆ ಇಳಿದರೆ ನಾನೇ ನಮ್ಮ ಡಾಕ್ಟರ್ ಹತ್ತಿರ ಹೋಗಿ ಕೇಳುತ್ತೇನೇನೋ. ಮಂಡಿ ನೋವಿನವರು, ಸಕ್ಕರೆ ಮೀರಿದವರು ಬೊಜ್ಜಿನಿಂದ ಪಡುವ ಪಾಡು ನನಗೆ ಗೊತ್ತು. "ಬಾಯಿ ಕಟ್ಟಬೇಕಮ್ಮಾ" ಅಂತ ಉಪದೇಶ ಮಾಡುವ ತೆಳ್ಳನೆಯವರನ್ನು ಕಂಡರೆ ಮೈ ಉರಿಯುತ್ತದೆ. ನನಗೆ ನಗು ಬರುವುದು ಔಷಧಕ್ಕಲ್ಲ, ಅದರ ಹಿಂದೆ ಬರುತ್ತಿರುವ ಮೆರವಣಿಗೆಗೆ. ಚಾಕೊಲೇಟು, ನೂಡಲ್ಸ್ ಮಾರುವ ನೆಸ್ಲೆ ಕಂಪನಿ 2024ರಲ್ಲಿ ಅಮೆರಿಕದಲ್ಲಿ ಹೊಸ ಊಟದ ಸಾಲೊಂದನ್ನು ಶುರು ಮಾಡಿತು. ಹೆಸರು 'ವೈಟಲ್ ಪರ್‌ಸ್ಯೂಟ್'. ಈ ಇಂಜೆಕ್ಷನ್ ತೆಗೆದುಕೊಂಡು ಹಸಿವು ಕಡಿಮೆಯಾದವರನ್ನೂ ಗಮನದಲ್ಲಿಟ್ಟು ಮಾಡಿದ, ಪ್ರೋಟೀನ್ ಜಾಸ್ತಿ ಇರುವ ಪುಟ್ಟ ಪುಟ್ಟ ಫ್ರೋಜನ್ ಊಟ. ಅರ್ಥವಾಯಿತಾ? ಮೊದಲು ಹಸಿವಿಲ್ಲದಾಗಲೂ ತಿನ್ನುವ ಹಾಗೆ ಮಾಡುವ ತಿಂಡಿ ಮಾರುವುದು. ಆಮೇಲೆ ಹಸಿವೇ ಆಗದವರಿಗೆ ಇನ್ನೊಂದು ಡಬ್ಬಿ ಮಾರುವುದು. ನಮ್ಮಲ್ಲೂ ಇದು ಬರುತ್ತದೆ, ಬರೆದಿಟ್ಟುಕೊಳ್ಳಿ. 'ಇಂಜೆಕ್ಷನ್ ಸ್ಪೆಷಲ್ ಮಿನಿ ಇಡ್ಲಿ' ಅಂತ ಬರುತ್ತದೆ. ಎಂಟು ಇಡ್ಲಿಯ ಜಾಗದಲ್ಲಿ ಮೂರು. ಬೆಲೆ ಎಂಟರದ್ದೇ.

ಈ ಮೆರವಣಿಗೆಯ ನಡುವೆ ಒಂದೇ ಒಂದು ಸಂಗತಿ ನನಗೆ ನಿಜವಾಗಿ ಹಿಡಿಸಿದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಅದಕ್ಕೇ ಭಾರ ಎತ್ತಿ ಅಂತ ಈಗ ಡಾಕ್ಟರುಗಳು ಹೇಳಲು ಶುರು ಮಾಡಿದ್ದಾರೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ನಮ್ಮ ಹೆಂಗಸರಿಗೆ ಮಾತ್ರ ಯಾರೂ ಹೇಳಲಿಲ್ಲ. "ವಾಕಿಂಗ್ ಮಾಡಿ" ಅಂದರು, ಅಷ್ಟೇ. ಎಲ್ಲಿ ಮಾಡುವುದು? ನಮ್ಮ ರಸ್ತೆಯ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಅದಾದ ಮೇಲೆ ಎರಡು ಸ್ಕೂಟರ್, ಅದಾದ ಮೇಲೆ ಚಪ್ಪಡಿ ಎದ್ದ ಗುಂಡಿ. ಅದನ್ನು ಸರಿ ಮಾಡುವ ಟ್ರೆಂಡ್ ಯಾವಾಗ ಬರುತ್ತದೆ ಅಂತ ಯಾವ ಯೂಟ್ಯೂಬಿನವನೂ ಹೇಳಲ್ಲ.

ನಮ್ಮತ್ತೆ ನೆಲದ ಮೇಲೆ ಕೂತರೆ ಎದ್ದೇಳಲು ಇಬ್ಬರು ಬೇಕು. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎತ್ತಿ ಇಡಲು ನಾನೇ ಪಕ್ಕದ ಮನೆ ಹುಡುಗನನ್ನು ಕರೆಯುತ್ತೇನೆ. ಭಾರ ಎತ್ತಿದಾಗ ಮಾತ್ರ ಯಾವ ಆ್ಯಪಿನ ಹಂಗೂ ಬೇಡ ಅನ್ನಿಸುತ್ತದೆ. ಎತ್ತಲು ಆದರೆ ಆಯಿತು, ಆಗದಿದ್ದರೆ ಇಲ್ಲ. ಮೈಯೇ ಹೇಳುತ್ತದೆ.

ಹೋದ ತಿಂಗಳು ಹತ್ತಿರದ ಒಂದು ಜಿಮ್ಮಿಗೆ ಹೋಗಿ ವಿಚಾರಿಸಿದೆ. ಕೌಂಟರಿನ ಹುಡುಗ "ಆಂಟಿ, ನಿಮಗೆ ಜುಂಬಾ ಸೇರಿಸ್ಲಾ?" ಅಂದ. ಬೇಡಪ್ಪಾ, ಭಾರ ಎತ್ತೋದು ಕಲೀಬೇಕು ಅಂದೆ. ಹಿಂದಿನ ಕಪಾಟಿನಿಂದ ಬಕೆಟ್ಟಿನಷ್ಟು ದೊಡ್ಡ ಪ್ರೋಟೀನ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ನಾನು ನಮಸ್ಕಾರ ಹೇಳಿ ಬಂದೆ.

ಆದ್ದರಿಂದ ತುಮಕೂರಿನ ಗೆಳೆಯರೇ, ಎಸ್.ಎಸ್.ಪುರಂ ಸುತ್ತಮುತ್ತ ಐವತ್ತು ದಾಟಿದ ಹೆಂಗಸರಿಗೆ ತಾಳ್ಮೆಯಿಂದ ಭಾರ ಎತ್ತುವುದನ್ನು ಹೇಳಿಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಚೂಡಿದಾರದಲ್ಲೇ ಬರುತ್ತೇನೆ, ಬೆಳಗ್ಗೆ ಆರೂವರೆಗೆ ಆದರೆ ಅನುಕೂಲ. ನಮ್ಮತ್ತೆಯನ್ನೂ ಕರೆತರುವ ಯೋಚನೆ ಇದೆ, ಅವರಿಗಿನ್ನೂ ಹೇಳಿಲ್ಲ. ಪುಡಿ ಮಾರುವವರು, ಆ್ಯಪ್ ಲಿಂಕ್ ಹಾಕುವವರು ದಯವಿಟ್ಟು ಈ ಕಡೆ ತಲೆ ಹಾಕಬೇಡಿ, ಸುಮ್ನೆ ಬ್ಲಾಕ್ ಮಾಡುತ್ತೇನೆ.